ಹೋಗಿ ಬಾ ಎಂದವರ ಊರು

ದಾವಣಗೆರೆಯನ್ನು ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಕರೆಯುವ ವಾಡಿಕೆ ನಮ್ಮಲ್ಲಿ ಬಹುಕಾಲದಿಂದಲೂ ಉಂಟು. ಹತ್ತಿಯ ಗಿರಣಿಗಳಿಂದ ಹೆಸರಾದ ಒಂದೂರಿಗೆ ಅಂಥದೇ ಇನ್ನೊಂದೂರಿನ ಹೆಸರು ಬಿರುದಾಗಿ ಬಂದದ್ದು ಸಹಜವೇ. ಆದರೆ ಆ ಊರಿಗೂ ಕನ್ನಡನಾಡಿಗೂ ಇರುವ ನಂಟು ಬರಿಯ ಬಿರುದಿನ ನಂಟಲ್ಲ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಬಾರದೆ ಹೋದಾಗ, ಲ್ಯಾಂಕಾಷೈರಿನ ಗಿರಣಿಗಳು ಹಸಿದು ಕುಳಿತವು. ಆಗ ಧಾರವಾಡ ಸೀಮೆಯ ಎರೆಭೂಮಿಯಲ್ಲಿ ಬೆಳೆದ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂದಿತು. ಎತ್ತಿನ ಬಂಡಿಗಳಲ್ಲಿ ಘಟ್ಟವಿಳಿದು ಕುಮಟೆಯ ಬಂದರನ್ನು ಸೇರಿದ ಆ ಹತ್ತಿಯ ಕೊನೆಯ ನಿಲ್ದಾಣ ಇಂಗ್ಲೆಂಡಿನ ವಾಯವ್ಯ ಮೂಲೆಯ ಆ ಮಳೆಯ ಊರೇ.

ಇಂದು ಮ್ಯಾಂಚೆಸ್ಟರಿಗೆ ಹೋದವನು ಹತ್ತಿಯನ್ನು ಹುಡುಕಿದರೆ ಅದು ಸಿಕ್ಕುವುದು ಗೋಡೆಯ ಮೇಲಿನ ಅಕ್ಷರಗಳಲ್ಲಿ ಮಾತ್ರ. ಊರಿನ ನಡುವೆ ರಾಯಲ್ ಎಕ್ಸ್‌ಚೇಂಜ್ ಎಂಬ ಭವ್ಯವಾದ ಕಟ್ಟಡವಿದೆ. ಒಂದು ಕಾಲಕ್ಕೆ ಸಾವಿರಾರು ವ್ಯಾಪಾರಿಗಳು ಅದರ ಹಜಾರದಲ್ಲಿ ನೆರೆದು ಲೋಕದ ಹತ್ತಿಗೆ ಬೆಲೆ ಕಟ್ಟುತ್ತಿದ್ದರು. 1968ರಲ್ಲಿ ಅಲ್ಲಿಯ ವ್ಯಾಪಾರ ನಿಂತಿತು. ಈಗ ಅದು ನಾಟಕಶಾಲೆ. ಆದರೆ ಕಡೆಯ ದಿನದ ದರಗಳನ್ನು ತೋರಿಸುವ ಫಲಕವನ್ನು ಅಲ್ಲಿಯವರು ಕೆಳಗಿಳಿಸಿಲ್ಲ. ನಿಂತ ಗಡಿಯಾರದಂತೆ ಅದು ಮೇಲೆಯೇ ಉಳಿದಿದೆ. ಹಜಾರದಲ್ಲಿ ನೆರೆದು ವಾದಿಸುತ್ತಿದ್ದ ವ್ಯಾಪಾರಿಗಳು ಹೋದರೂ ವಾದಿಸುವ ಅಭ್ಯಾಸ ಮಾತ್ರ ಆ ಊರನ್ನು ಬಿಟ್ಟು ಹೋಗಲಿಲ್ಲ. ಅದು ಊರಿನ ನೈಋತ್ಯಕ್ಕೆ ಸುಮಾರು 3 ಕಿಲೋಮೀಟರು ಸರಿದು ಓಲ್ಡ್ ಟ್ರ್ಯಾಫರ್ಡ್ ಎಂಬಲ್ಲಿ ಬೀಡುಬಿಟ್ಟಿದೆ. ಅಲ್ಲಿ ಚರ್ಚೆಯಾಗುವುದು ಹತ್ತಿಯ ಬೆಲೆಯಲ್ಲ, ಮನುಷ್ಯನ ಬೆಲೆ. ‘ಈ ಮ್ಯಾನೇಜರನ್ನು ಇಟ್ಟುಕೊಳ್ಳಬೇಕೇ, ಕಳುಹಿಸಬೇಕೇ?’ ಇದೇ ಆ ಊರಿನ ಮುಗಿಯದ ಜಗಳ.

ಎರಡು ಮೈದಾನಗಳು

ಓಲ್ಡ್ ಟ್ರ್ಯಾಫರ್ಡ್ ಎಂದೊಡನೆ ನಮ್ಮವರಲ್ಲಿ ಅನೇಕರ ಮನಸ್ಸಿಗೆ ಕ್ರಿಕೆಟ್ಟೇ ಬರುವುದುಂಟು. ಅದೂ ತಪ್ಪಲ್ಲ. ಆ ಹೆಸರಿನ ಮೈದಾನಗಳು ಅಲ್ಲಿ ಎರಡಿವೆ, ನಡೆದು ಹೋಗುವಷ್ಟೇ ದೂರದಲ್ಲಿ. ನಮ್ಮ ಅನಿಲ್ ಕುಂಬ್ಳೆ ಮೊದಲನೆಯ ಟೆಸ್ಟ್ ಪಂದ್ಯವನ್ನಾಡಿದ್ದು 1990ರ ಆಗಸ್ಟಿನಲ್ಲಿ, ಆ ಕ್ರಿಕೆಟ್ ಮೈದಾನದಲ್ಲಿ. ಆ ವರ್ಷದ ಜನವರಿಯಲ್ಲಿ ನೆರೆಯ ಫುಟ್‌ಬಾಲ್ ಮೈದಾನದ ಒಡೆಯರಿಗೆ ಬೇರೊಂದು ಚಿಂತೆ ಹತ್ತಿತ್ತು. ಅದರ ಕಥೆ ಮುಂದೆ ಬರುತ್ತದೆ.

ಟ್ರಾಮಿನಿಂದ ಇಳಿದು ಫುಟ್‌ಬಾಲ್ ಮೈದಾನದ ಕಡೆಗೆ ಹೆಜ್ಜೆ ಹಾಕುವವನಿಗೆ ಮೊದಲು ಎದುರಾಗುವುವು ಇಟ್ಟಿಗೆಯ ಮನೆಗಳ ಸಾಲುಗಳು, ಮೀನು ಮತ್ತು ಆಲೂಗಡ್ಡೆ ಕರಿಯುವ ಅಂಗಡಿಗಳ ಎಣ್ಣೆಯ ವಾಸನೆ, ಕೊರಳಿಗೆ ಸುತ್ತುವ ಕೆಂಪು ಉಣ್ಣೆವಸ್ತ್ರಗಳನ್ನು ಮಾರುವವರ ಕೂಗು. ರಸ್ತೆಯ ಹೆಸರು ಸರ್ ಮ್ಯಾಟ್ ಬಸ್ಬಿ ವೇ. ಮೈದಾನದ ಒಂದು ಬದಿಗೆ ರೈಲುಹಾದಿ. ಇನ್ನೊಂದು ಬದಿಗೆ 1894ರಲ್ಲಿ ತೆರೆದ ಹಡಗುಕಾಲುವೆ. ಸಮುದ್ರವಿಲ್ಲದ ಊರು ಸುಮಾರು 58 ಕಿಲೋಮೀಟರು ನೆಲವನ್ನು ಅಗೆದು ಸಮುದ್ರದ ಹಡಗುಗಳನ್ನು ತನ್ನ ಬಾಗಿಲಿಗೆ ಕರೆಸಿಕೊಂಡಿತು. ಅಂಥ ಹಟ ಆ ಜನರದು. ಆ ಕಾಲುವೆಯ ಕೂಲಿಗಳೂ ಅದರ ದಂಡೆಯ ಕಾರ್ಖಾನೆಗಳ ಕೆಲಸಗಾರರೂ ಶನಿವಾರ ಮಧ್ಯಾಹ್ನ ಕೆಲಸ ಬಿಟ್ಟೊಡನೆ ನಡೆದು ಬರುತ್ತಿದ್ದುದು ಇದೇ ಮೈದಾನಕ್ಕೆ.

ಗೋಡೆಯ ಒಂದು ಮೂಲೆಯಲ್ಲಿ ಒಂದು ಗಡಿಯಾರವಿದೆ. ಅದರ ಮೇಲೆ ಬರೆದಿರುವುದು 1958ರ ಫೆಬ್ರವರಿ 6 ಎಂಬ ತಾರೀಖು. ಅಂದು ಜರ್ಮನಿಯ ಮ್ಯೂನಿಕ್ಕಿನ ಹಿಮ ತುಂಬಿದ ವಿಮಾನನಿಲ್ದಾಣದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಹೊತ್ತ ವಿಮಾನ ಮೇಲೇಳಲಾರದೆ ಒಡೆದು ಹೋಯಿತು. 23 ಮಂದಿ ತೀರಿಕೊಂಡರು. ಅವರಲ್ಲಿ 8 ಮಂದಿ ಆಟಗಾರರು. ಮ್ಯಾನೇಜರ್ ಮ್ಯಾಟ್ ಬಸ್ಬಿ ಸಾವಿನ ಬಾಗಿಲನ್ನು ತಟ್ಟಿ ಹಿಂದಿರುಗಿದರು. ಹೊಸ ತಂಡವನ್ನು ಕಟ್ಟಿ, 10 ವರ್ಷಗಳ ಮೇಲೆ, 1968ರಲ್ಲಿ, ಯೂರೋಪಿನ ಕಪ್ಪನ್ನೇ ಗೆದ್ದು ತಂದರು. ಈ ಕಥೆಯನ್ನು ತಿಳಿಯದವನಿಗೆ ಆ ಊರಿನ ಜಗಳವೂ ತಿಳಿಯದು. ಒಬ್ಬನೇ ಮನುಷ್ಯ, ಅವನಿಗೆ ಬೇಕಾದಷ್ಟು ಕಾಲ, ಕೊನೆಯಲ್ಲಿ ಪವಾಡ: ಈ ಮೂರೂ ಸೇರಿದ ಒಂದು ನಂಬಿಕೆ ಅಲ್ಲಿಯ ಮಕ್ಕಳಿಗೆ ತೊಟ್ಟಿಲಿನಲ್ಲಿಯೇ ಬರುತ್ತದೆ.

ದಿವಾನಗಿರಿ

ಇಂಗ್ಲಿಷರ ಫುಟ್‌ಬಾಲಿನಲ್ಲಿ ‘ಮ್ಯಾನೇಜರ್’ ಎಂದರೆ ನಮ್ಮ ಬ್ಯಾಂಕಿನ ಮ್ಯಾನೇಜರಂತಲ್ಲ. ಆತನ ಸ್ಥಾನ ಹಳೆಯ ಸಂಸ್ಥಾನಗಳ ದಿವಾನರದು. ಸಂಸ್ಥಾನ ಒಡೆಯರದು, ಪ್ರಜೆಗಳು ಪ್ರೇಕ್ಷಕರು, ನಡುವೆ ದಿವಾನ. ಯಾರು ಆಡಬೇಕು, ಯಾರು ಕೂಡಬೇಕು, ಯಾರನ್ನು ಕೊಳ್ಳಬೇಕು, ಯಾರನ್ನು ಮಾರಬೇಕು ಎಂಬುದೆಲ್ಲ ಬಹುಕಾಲ ಆತನ ಕೈಯಲ್ಲಿಯೇ ಇದ್ದಿತು. ಗೆದ್ದರೆ ಪಲ್ಲಕ್ಕಿ. ಸೋತರೆ, ಕೆರೆ ಒಡೆದರೂ ಆತನದೇ ತಪ್ಪು, ಮಳೆ ಬಾರದಿದ್ದರೂ ಆತನದೇ ತಪ್ಪು. ಹನ್ನೊಂದು ಮಂದಿ ಆಟಗಾರರನ್ನು ಒಮ್ಮೆಲೇ ಬದಲಿಸಲಾಗದು. ಒಡೆಯರನ್ನು ಬದಲಿಸುವ ಅಧಿಕಾರ ಪ್ರಜೆಗಳಿಗಿಲ್ಲ. ಉಳಿದವನು ಒಬ್ಬನೇ.

ಬಸ್ಬಿಯವರು 1969ರಲ್ಲಿ ಇಳಿದ ಮೇಲೆ ಬಂದ ದಿವಾನರ ಪಟ್ಟಿ ಸುಖದ್ದಲ್ಲ. ಮೊದಲನೆಯವರು ಒಂದೂವರೆ ವರ್ಷವಷ್ಟೇ ಉಳಿದರು. ಎರಡನೆಯವರೂ ಸುಮಾರು ಅಷ್ಟೇ. ಮೂರನೆಯವರ ಕಾಲದಲ್ಲಿ, 1974ರಲ್ಲಿ, ತಂಡ ಎರಡನೆಯ ದರ್ಜೆಗೇ ಇಳಿದುಹೋಯಿತು. ಅವರ ನಂತರದ ಡೇವ್ ಸೆಕ್ಸ್‌ಟನ್ನರ ಗತಿಯಂತೂ ವಿಚಿತ್ರವಾದದ್ದು. 1981ರಲ್ಲಿ ಅವರ ತಂಡ ಋತುವಿನ ಕಡೆಯ 7 ಪಂದ್ಯಗಳನ್ನೂ ಗೆದ್ದಿತು. ಆದರೂ ಅವರನ್ನು ಕಳುಹಿಸಿಬಿಟ್ಟರು. ಆಟದಲ್ಲಿ ಸೊಗಸಿಲ್ಲವೆಂಬುದು ಜನರ ದೂರು. ಅಂದಮೇಲೆ, ಆ ಮೈದಾನದಲ್ಲಿ ಗೆದ್ದರಷ್ಟೇ ಸಾಲದು. ಕಣ್ಣಿಗೆ ಹಬ್ಬವಾಗುವಂತೆ ಗೆಲ್ಲಬೇಕು!

ಮೂರು ವರ್ಷಗಳ ಮೇಲೆ

1986ರ ನವೆಂಬರಿನಲ್ಲಿ ಸ್ಕಾಟ್ಲೆಂಡಿನಿಂದ ಅಲೆಕ್ಸ್ ಫರ್ಗ್ಯುಸನ್ ಬಂದರು. ಅಬರ್ಡೀನ್ ಎಂಬ ಸಣ್ಣ ಊರಿನ ತಂಡವನ್ನು ಕಟ್ಟಿ, 1983ರಲ್ಲಿ ಸ್ಪೇನಿನ ರಿಯಲ್ ಮ್ಯಾಡ್ರಿಡ್ಡನ್ನು ಸೋಲಿಸಿ ಯೂರೋಪಿನ ಒಂದು ಕಪ್ಪನ್ನು ಗೆದ್ದವರು ಅವರು. ಜನ ಎದುರು ನೋಡಿದರು. ಮೊದಲ ಪಂದ್ಯ ಸೋಲು. ಮೊದಲ ಋತುವಿನ ಕೊನೆಗೆ 11ನೆಯ ಸ್ಥಾನ. ಎರಡನೆಯ ಋತುವಿನಲ್ಲಿ 2ನೆಯ ಸ್ಥಾನ. ಎಲ್ಲರ ಮುಖವೂ ಅರಳಿತು. ಮೂರನೆಯದರಲ್ಲಿ ಮತ್ತೆ 11. ನಾಲ್ಕನೆಯ ಋತುವಿಗೆ ಲಕ್ಷಾಂತರ ಪೌಂಡು ಸುರಿದು ಹೊಸ ಆಟಗಾರರನ್ನು ಕೊಂಡರು. ಜನರ ಕಣ್ಮಣಿಗಳಾಗಿದ್ದ ಪಾಲ್ ಮೆಕ್‌ಗ್ರಾ, ನಾರ್ಮನ್ ವೈಟ್‌ಸೈಡ್ ಅವರನ್ನು ಮಾರಿದರು. ಫಲವೇನು? 1989ರ ಸೆಪ್ಟೆಂಬರ್ 23ರಂದು ಅದೇ ಊರಿನ ಎದುರಾಳಿ ತಂಡವಾದ ಮ್ಯಾಂಚೆಸ್ಟರ್ ಸಿಟಿಯೆದುರು 5–1ರ ಸೋಲು! ಅಂದು ಮನೆಗೆ ಹೋಗಿ ಹಾಸಿಗೆಯಲ್ಲಿ ಬಿದ್ದು ತಲೆಯನ್ನು ದಿಂಬಿನಡಿಯಲ್ಲಿ ಹುದುಗಿಸಿಕೊಂಡುದಾಗಿ ಮುಂದೆ ಅವರೇ ಹೇಳಿಕೊಂಡಿದ್ದಾರೆ.

ಡಿಸೆಂಬರ್ 9ರಂದು ಕ್ರಿಸ್ಟಲ್ ಪ್ಯಾಲೆಸ್ ಎಂಬ ತಂಡ ಓಲ್ಡ್ ಟ್ರ್ಯಾಫರ್ಡಿಗೆ ಬಂದಿತು. ಅದೇ ಸೆಪ್ಟೆಂಬರಿನಲ್ಲಿ ಲಿವರ್‌ಪೂಲಿನ ಕೈಯಲ್ಲಿ 9–0ಯಿಂದ ಪೆಟ್ಟು ತಿಂದ ತಂಡ ಅದು. ಅಂಥದೂ ಬಂದು 2–1ರಿಂದ ಗೆದ್ದು ಹೋಯಿತು. ಆ ದಿನ ಪ್ರೇಕ್ಷಕರ ನಡುವೆ ಒಂದು ಹಾಸಿಗೆಯ ಹೊದಿಕೆ ಮೇಲೆದ್ದಿತು. ಅದರ ಮೇಲೆ ಬರೆದಿದ್ದುದರ ಸಾರಾಂಶವಿಷ್ಟು: ಮೂರು ವರ್ಷಗಳಿಂದ ಕೇಳಿದ್ದು ನೆಪಗಳೇ, ಆಟ ಮಾತ್ರ ಇನ್ನೂ ಕಸವೇ, ಹೋಗಿ ಬಾ, ಫರ್ಗಿ!

‘ಹೋಗಿ ಬಾ’ ಎನ್ನುವುದು ನಮ್ಮ ನುಡಿಯ ಸೌಜನ್ಯ. ಯಾರನ್ನೂ ನಾವು ‘ಹೋಗು’ ಎನ್ನುವುದಿಲ್ಲ. ಮ್ಯಾಂಚೆಸ್ಟರಿನವರು ಬಳಸಿದ ‘ತರಾ’ ಎಂಬ ಮಾತೂ ಹಾಗೆಯೇ ಸಲುಗೆಯ ಮಾತು. ನೆರೆಮನೆಯವರು ಸಂಜೆ ಬೀಳ್ಕೊಳ್ಳುವಾಗ ಆಡುವಂಥದು. ಆದರೆ ಅಂದು ಆ ಬಟ್ಟೆಯ ಮೇಲಿನ ‘ಬಾ’ ಬರಿಯ ಮರ್ಯಾದೆಗೆ. ಬರೆದವನು ಕೇಳಿದ್ದು ‘ಹೋಗಿ’ ಎಂಬುದನ್ನು ಮಾತ್ರ.

ಇಲ್ಲಿ ಒಂದು ಮಾತನ್ನು ನೆನಪಿಡಬೇಕು. ಅಂಥ ಬರಹವನ್ನು ಎತ್ತಿ ಹಿಡಿದವರು ತಂಡದ ಶತ್ರುಗಳಲ್ಲ. ದುಡಿದ ಕೂಲಿಯಲ್ಲಿ ಒಂದು ಪಾಲನ್ನು ತೆಗೆದಿಟ್ಟು ಚೀಟಿ ಕೊಂಡು, ಮಳೆಯಲ್ಲಿ ನಿಂತು ನೋಡುತ್ತಿದ್ದವರು. ತಂಡ 1967ರಿಂದ ಲೀಗನ್ನು ಗೆದ್ದಿರಲಿಲ್ಲ. ಆ ವರ್ಷ ಹುಟ್ಟಿದ ಮಗು 22 ವರ್ಷದ ತರುಣನಾಗಿತ್ತು. ಅಂದು ಇಂಗ್ಲೆಂಡಿನ ಪ್ರೇಕ್ಷಕನ ಬದುಕೂ ಹಗುರವಾಗಿರಲಿಲ್ಲ. ಅದೇ 1989ರ ಏಪ್ರಿಲಿನಲ್ಲಿ ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನದಲ್ಲಿ ನೂಕುನುಗ್ಗಲಿಗೆ ಸಿಕ್ಕ ಲಿವರ್‌ಪೂಲಿನ 97 ಮಂದಿ ಅಭಿಮಾನಿಗಳು ಪ್ರಾಣ ಬಿಟ್ಟಿದ್ದರು. ಅವರಲ್ಲಿ ಕೊನೆಯವರು ಆ ಗಾಯಗಳಿಂದ ನರಳಿ 2021ರಲ್ಲಿ ಕಣ್ಣು ಮುಚ್ಚಿದರು. ಆಟ ನೋಡಲು ಹೋಗುವುದೆಂದರೆ ದುಡ್ಡು, ಕಾಲ, ಕೆಲವೊಮ್ಮೆ ಜೀವವನ್ನೂ ಪಣವೊಡ್ಡುವ ಕೆಲಸವಾಗಿದ್ದಿತು. ಅಷ್ಟು ಕೊಟ್ಟವನು ಲೆಕ್ಕ ಕೇಳುವುದರಲ್ಲಿ ತಪ್ಪೇನು?

ಎರಡು ಪಕ್ಷ

ಆ ಚಳಿಗಾಲದಲ್ಲಿ ಊರು ಎರಡು ಪಕ್ಷವಾಯಿತು. ಕಾರ್ಖಾನೆಯ ಊಟದ ಕೋಣೆಯಲ್ಲಿ, ಮದ್ಯದಂಗಡಿಯ ಮೂಲೆಯಲ್ಲಿ, ಬಸ್ಸಿನ ಸಾಲಿನಲ್ಲಿ ಇದೇ ಮಾತು. ಅಭಿಮಾನಿಗಳು ತಾವೇ ಬರೆದು, ಅಚ್ಚು ಹಾಕಿಸಿ, ಮೈದಾನದ ಹೊರಗೆ ಚಿಲ್ಲರೆ ಕಾಸಿಗೆ ಮಾರುವ ಪುಟ್ಟ ಪತ್ರಿಕೆಗಳು ಆಗ ತಾನೇ ತಲೆಯೆತ್ತಿದ್ದವು. ‘ರೆಡ್ ನ್ಯೂಸ್’ 1987ರಲ್ಲಿ ಹುಟ್ಟಿತು. ‘ಯುನೈಟೆಡ್ ವಿ ಸ್ಟ್ಯಾಂಡ್’ 1989ರಲ್ಲಿ. ದೊಡ್ಡ ಪತ್ರಿಕೆಗಳು ಆಡಲಾರದ ಮಾತನ್ನು ಅವು ಆಡುತ್ತಿದ್ದವು.

ಕಳುಹಿಸಬೇಕೆನ್ನುವವರ ವಾದ ಸರಳವಾದದ್ದು. ಮೂರು ವರ್ಷ ಕಡಮೆ ಕಾಲವಲ್ಲ. ಕೇಳಿದ ಹಣ ಕೊಟ್ಟಾಯಿತು. ಆಟಗಾರರನ್ನು ಆತನೇ ಆರಿಸಿದ್ದಾಯಿತು. ಇನ್ನು ಯಾರನ್ನು ದೂರಬೇಕು? ಮರ ಫಲ ಬಿಡದಿದ್ದರೆ ನೀರೆರೆಯುವುದಕ್ಕೂ ಒಂದು ಮಿತಿ ಬೇಡವೇ? ತಾಳ್ಮೆಯೆಂಬ ಹೆಸರಿನಲ್ಲಿ ತಂಡ ಮತ್ತೆ ಎರಡನೆಯ ದರ್ಜೆಗೆ ಇಳಿದರೆ ಅದರ ಹೊಣೆ ಯಾರದು?

ಇರಿಸಿಕೊಳ್ಳಬೇಕೆನ್ನುವವರ ವಾದ ಇಷ್ಟು ಸರಳವಲ್ಲ. ಬಸ್ಬಿಯ ನಂತರ ಐದು ಮಂದಿಯನ್ನು ಬದಲಿಸಿದ್ದರಿಂದ ಬಂದ ಭಾಗ್ಯವೇನು? ತಳಪಾಯ ತೆಗೆಯುವಾಗ ಮನೆ ಕಾಣುವುದಿಲ್ಲ. ಕಾಣುವುದು ಹಳ್ಳ ಮಾತ್ರ. ಆಟಗಾರರಲ್ಲಿ ಬೇರೂರಿದ್ದ ಕುಡಿತದ ಚಟವನ್ನು ಆತ ಕೀಳುತ್ತಿದ್ದಾನೆ. ಊರಿನ ಹುಡುಗರನ್ನು ಹುಡುಕಿ ತರುತ್ತಿದ್ದಾನೆ. ಕಾದು ನೋಡಿ.

ಕಾದು ನೋಡಿ ಎನ್ನುವುದು ಸುಲಭ. ಆದರೆ ನೋಡುವುದೇನನ್ನು? ಆಡಳಿತ ಮಂಡಲಿಯವರು, ಅದರಲ್ಲಿಯೂ ಮ್ಯೂನಿಕ್ಕಿನಲ್ಲಿ ಬದುಕುಳಿದು ಮುಂದೆ ಅದೇ ಮಂಡಲಿಯ ಸದಸ್ಯರಾದ ಬಾಬಿ ಚಾರ್ಲ್‌ಟನ್, ಬಾಲಕರ ಅಭ್ಯಾಸವನ್ನು ಕಣ್ಣಾರೆ ಕಂಡಿದ್ದರು. ರಯನ್ ಗಿಗ್ಸ್ ಎಂಬ ಬಾಲಕ 1987ರಲ್ಲಿ, 14 ತುಂಬಿದ ದಿನವೇ, ತಂಡದೊಡನೆ ಸಹಿ ಹಾಕಿದ್ದ. ಶನಿವಾರದ ಪ್ರೇಕ್ಷಕನಿಗೆ ಇದಾವುದೂ ಕಾಣುತ್ತಿರಲಿಲ್ಲ. ಅವನಿಗೆ ಕಾಣುತ್ತಿದ್ದುದು 90 ನಿಮಿಷ ಮತ್ತು ಒಂದು ಸೋಲು. ಒಂದೇ ಹೊಲವನ್ನು ಒಬ್ಬ ಬೇರಿನಿಂದ ನೋಡಿದ. ಇನ್ನೊಬ್ಬ ತೆನೆಯಿಂದ ನೋಡಿದ. ಇಬ್ಬರೂ ಕಂಡದ್ದನ್ನೇ ಹೇಳಿದರು.

ಒಂದು ಗೋಲು

1990ರ ಜನವರಿ 7, ಭಾನುವಾರ. ಎಫ್.ಎ. ಕಪ್ಪಿನ ಮೂರನೆಯ ಸುತ್ತಿನಲ್ಲಿ ಯುನೈಟೆಡ್ ತಂಡ ನಾಟಿಂಗ್‌ಹ್ಯಾಮಿಗೆ ಹೋಗಿ ಆಡಬೇಕಾಯಿತು. ಇದನ್ನು ಸೋತರೆ ಫರ್ಗ್ಯುಸನ್ನರ ಕಥೆ ಮುಗಿಯಿತೆಂದು ಪತ್ರಿಕೆಗಳು ಬರೆದಿದ್ದವು. ಸೋಲೇ ಗತಿಯೆಂದು ಬಲ್ಲವರೆಲ್ಲ ತಲೆಯಾಡಿಸಿದ್ದರು. ಎರಡನೆಯ ಅರ್ಧದಲ್ಲಿ ಮಾರ್ಕ್ ಹ್ಯೂಸ್ ಕಳುಹಿಸಿದ ಚೆಂಡಿಗೆ 20 ವರ್ಷದ ಮಾರ್ಕ್ ರಾಬಿನ್ಸ್ ಎಂಬ ಹುಡುಗ ತಲೆಗೊಟ್ಟ. ಗೋಲು! 1–0. ಪಂದ್ಯ ಮುಗಿಯಿತು.

ಆ ಒಂದು ಗೋಲು ಆ ಮನುಷ್ಯನ ಕೆಲಸವನ್ನು ಉಳಿಸಿತೆಂದು ಇಂದಿಗೂ ಆ ಊರು ಹೇಳುತ್ತದೆ. ತೆಗೆದುಹಾಕುವ ಯೋಚನೆಯೇ ತಮಗಿರಲಿಲ್ಲವೆಂದು ಮಂಡಲಿಯವರು ಮುಂದೆ ಹೇಳಿದರು. ಯಾವುದು ನಿಜವೋ, ಗೋಲಂತೂ ಬಿದ್ದಿತು. ಅದರಿಂದ ಮರುದಿನವೇ ಎಲ್ಲವೂ ನೆಟ್ಟಗಾಯಿತೆಂದೂ ಅಲ್ಲ. ಲೀಗಿನಲ್ಲಿ ಮುಂದಿನ ಗೆಲುವು ಬಂದದ್ದು ಫೆಬ್ರವರಿಯಲ್ಲಿ, 11 ಪಂದ್ಯಗಳ ಬರಗಾಲದ ಮೇಲೆ. ಋತು ಮುಗಿದಾಗ 20 ತಂಡಗಳಲ್ಲಿ 13ನೆಯ ಸ್ಥಾನ. ಆದರೆ ಕಪ್ಪಿನ ಪಂದ್ಯಗಳಲ್ಲಿ ತಂಡ ಒಂದೊಂದೇ ಮೆಟ್ಟಿಲೇರಿತು. ಉಪಾಂತ್ಯದ ಮರುಪಂದ್ಯದಲ್ಲಿ ಗೆಲುವಿನ ಗೋಲು ಹೊಡೆದವನೂ ಅದೇ ರಾಬಿನ್ಸ್. ಮೇ ತಿಂಗಳಲ್ಲಿ ವೆಂಬ್ಲಿಯ ಅಂತಿಮ ಪಂದ್ಯದಲ್ಲಿ ಎದುರು ಬಂದ ತಂಡವಾವುದು? ಡಿಸೆಂಬರಿನಲ್ಲಿ ಹಾಸಿಗೆಯ ಹೊದಿಕೆ ಎದ್ದು ನಿಂತಾಗ ಗೆದ್ದು ಹೋಗಿದ್ದ ಅದೇ ಕ್ರಿಸ್ಟಲ್ ಪ್ಯಾಲೆಸ್! ಮೊದಲ ಪಂದ್ಯ 3–3ರ ಸಮ. ಮರುಪಂದ್ಯದಲ್ಲಿ 1–0ಯಿಂದ ಕಪ್ಪು ಮ್ಯಾಂಚೆಸ್ಟರಿಗೆ ಬಂದಿತು.

ಅಲ್ಲಿಂದ ಮುಂದಿನದು ಲೋಕವೆಲ್ಲ ಬಲ್ಲ ಕಥೆ. 1993ರಲ್ಲಿ, 26 ವರ್ಷಗಳ ಮೇಲೆ, ಲೀಗ್. 1999ರಲ್ಲಿ ಒಂದೇ ಋತುವಿನಲ್ಲಿ ಲೀಗ್, ಎಫ್.ಎ. ಕಪ್, ಯೂರೋಪಿನ ಕಪ್ ಮೂರೂ. 2013ರಲ್ಲಿ ಫರ್ಗ್ಯುಸನ್ ನಿವೃತ್ತರಾದಾಗ ಅವರ ಲೆಕ್ಕಕ್ಕೆ 13 ಲೀಗುಗಳು, ಒಟ್ಟು 38 ಕಪ್ಪುಗಳು. ರಾಣಿಯವರಿಂದ ‘ಸರ್’ ಪದವಿ. ಮೈದಾನದ ಹೊರಗೆ ಕೈಕಟ್ಟಿ ನಿಂತ ಕಂಚಿನ ವಿಗ್ರಹ. ‘ಹೋಗಿ ಬಾ’ ಎಂದು ಊರು ಕೂಗಿದ ಮನುಷ್ಯನೇ ಊರಿನ ದೇವರಾದದ್ದು ಹೀಗೆ.

ದೃಷ್ಟಾಂತದ ಕುತ್ತು

ಒಂದು ಘಟನೆ ದೃಷ್ಟಾಂತವಾಗಿ ಬಿಟ್ಟರೆ ಅದರಿಂದ ಕುತ್ತೂ ಉಂಟು. ರಾಬಿನ್ಸನ ಗೋಲಿನ ಮೇಲೆ ಇಂಗ್ಲೆಂಡಿನ ಯಾವ ಊರಿನಲ್ಲಿ ಯಾವ ಮ್ಯಾನೇಜರು ಸೋತರೂ ಅವರ ಪಕ್ಷದವರು ಹಿಡಿದ ಗುರಾಣಿ ಒಂದೇ: ‘ಫರ್ಗ್ಯುಸನ್ನರಿಗೂ ಹೀಗೆಯೇ ಆಗಿತ್ತು, ಕಾಯಿರಿ.’ ಕಾದು ಕೆಟ್ಟವರ ಕಥೆಯನ್ನು ಯಾರು ನೆನಪಿಡುತ್ತಾರೆ? ಅವರಿಗಾಗಿ ಯಾರೂ ವಿಗ್ರಹ ನಿಲ್ಲಿಸುವುದಿಲ್ಲ. ದೀಪಾವಳಿಯ ಲಾಟರಿಯಲ್ಲಿ ಗೆದ್ದವನ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಸೋತವರ ಪಟ್ಟಿಯನ್ನು ಅಚ್ಚು ಹಾಕುವಷ್ಟು ಕಾಗದವೆಲ್ಲಿದೆ?

ಆ ದೃಷ್ಟಾಂತ ಸ್ವಂತ ಊರಿನಲ್ಲಿಯೇ ಪರೀಕ್ಷೆಗೆ ನಿಂತಿತು. 2013ರ ಮೇ ತಿಂಗಳಲ್ಲಿ, ತಮ್ಮ ಕಡೆಯ ತವರು ಪಂದ್ಯದ ದಿನ, ಫರ್ಗ್ಯುಸನ್ ಮೈದಾನದ ನಡುವೆ ನಿಂತು, ಕೆಟ್ಟ ಕಾಲದಲ್ಲಿ ಕ್ಲಬ್ಬು ತಮ್ಮ ಬೆನ್ನಿಗೆ ನಿಂತುದನ್ನು ನೆನೆದು, ಹೊಸ ಮ್ಯಾನೇಜರಿಗೂ ಹಾಗೆಯೇ ಬೆಂಬಲವಾಗಿರಬೇಕೆಂದು ಜನರನ್ನು ಕೇಳಿಕೊಂಡರು. ಬಂದವರು ಡೇವಿಡ್ ಮಾಯ್ಸ್. 6 ವರ್ಷಗಳ ಕರಾರು. ಸ್ಟ್ರೆಟ್‌ಫರ್ಡ್ ಎಂಡ್ ಎಂಬ ತುದಿಯಲ್ಲಿ, ಅವರು ಆರಿಸಿ ತಂದವರೆಂದು ಸಾರುವ ಬಟ್ಟೆಯೊಂದು ತೂಗಾಡಿತು. ಸೋಲುಗಳು ಒಂದರ ಮೇಲೊಂದು ಬಂದವು. 2014ರ ಮಾರ್ಚ್ 29ರಂದು ಪಂದ್ಯ ನಡೆಯುವಾಗ ಮೈದಾನದ ಮೇಲೆ ಒಂದು ಪುಟ್ಟ ವಿಮಾನ ಸುಳಿದು ಬಂದಿತು. ಆ ವಿಮಾನದ ಬಾಲಕ್ಕೆ ಕಟ್ಟಿದ ಬರಹ, ಆರಿಸಿದ್ದು ತಪ್ಪಾದವನನ್ನು, ಅವನು ಹೋಗಲಿ ಎಂದಿತು. ಹಾಸಿಗೆಯ ಹೊದಿಕೆಯಿಂದ ವಿಮಾನಕ್ಕೆ. ಪ್ರತಿಭಟನೆಯೂ ಕಾಲಕ್ಕೆ ತಕ್ಕಂತೆ ಬಡ್ತಿ ಪಡೆದಿತ್ತು!

ಸ್ವಾರಸ್ಯವಿರುವುದು ಮುಂದಿನದರಲ್ಲಿ. ಕೆಳಗೆ ಕುಳಿತಿದ್ದ ಪ್ರೇಕ್ಷಕರಲ್ಲಿ ಬಹುಮಂದಿ ಆ ವಿಮಾನವನ್ನೇ ಧಿಕ್ಕರಿಸಿ ಕೂಗಿದರು. ಮಾಯ್ಸ್ ಬೇಡವೆಂದು ಮನಸ್ಸಿನಲ್ಲಿದ್ದವರೂ ಅವರಲ್ಲಿ ಇಲ್ಲದಿರಲಾರರು. ಮನೆಯ ಯಜಮಾನನ ಮೇಲೆ ಮನೆಯೊಳಗೆ ಎಷ್ಟು ದೂರಿದರೂ, ಬೀದಿಯಲ್ಲಿ ನಿಂತು ಕೂಗುವವನನ್ನು ಮನೆಯವರು ಸಹಿಸುವುದಿಲ್ಲ. ಅಂದಿನ ಪಂದ್ಯವನ್ನು ತಂಡ 4–1ರಿಂದ ಗೆದ್ದಿತು. ಆದರೆ 6 ವರ್ಷಗಳ ಕರಾರು 10 ತಿಂಗಳಿಗೆ ಮುಗಿಯಿತು. ಏಪ್ರಿಲ್ 22ರಂದು ಮಾಯ್ಸರನ್ನು ಕಳುಹಿಸಲಾಯಿತು.

ಮುಂದೆ ಬದಲಾವಣೆಯೇ ವಾಡಿಕೆಯಾಯಿತು. ಹಾಲೆಂಡಿನ ಲೂಯಿ ವಾನ್ ಗಾಲ್ 2016ರ ಮೇ 21ರಂದು ಎಫ್.ಎ. ಕಪ್ ಗೆದ್ದರು, ಎರಡೇ ದಿನಗಳಲ್ಲಿ ಅವರ ಕೆಲಸ ಹೋಯಿತು. ಪೋರ್ಚುಗಲ್ಲಿನ ಜೋಸೆ ಮೊರಿನ್ಯೊ 2017ರಲ್ಲಿ ಎರಡು ಕಪ್ಪು ಗೆದ್ದರೂ 2018ರ ಡಿಸೆಂಬರಿನಲ್ಲಿ ಹೋದರು. 1999ರ ವೀರನಾದ ಓಲೆ ಗುನ್ನಾರ್ ಸುಲ್ಶಾರ್ ತಾತ್ಕಾಲಿಕವಾಗಿ ಬಂದು, ಮೊದಲ 19 ಪಂದ್ಯಗಳಲ್ಲಿ 14ನ್ನು ಗೆದ್ದು, ಖಾಯಂ ಆಗಿ, 2021ರ ನವೆಂಬರಿನಲ್ಲಿ ತೆರಳಿದರು. ಹಾಲೆಂಡಿನ ಎರಿಕ್ ಟೆನ್ ಹಾಗ್ 2024ರ ಅಕ್ಟೋಬರಿನಲ್ಲಿ ಹೋದರು. ಅವರ ಸ್ಥಾನಕ್ಕೆ ಬಂದ ರೂಬೆನ್ ಅಮೊರಿಮ್ಮರ ಮೊದಲ ಋತು 2025ರ ಮೇ ತಿಂಗಳಲ್ಲಿ ಮುಗಿದಾಗ ತಂಡ 15ನೆಯ ಸ್ಥಾನದಲ್ಲಿತ್ತು. ಅದು 1990ರ 13ಕ್ಕಿಂತಲೂ ಕೆಳಗೆ. ಕಾದು ನೋಡಬೇಕೆನ್ನುವವರು ಫರ್ಗ್ಯುಸನ್ನರ ಹೆಸರನ್ನೆತ್ತಿದರು. ಸಾಕೆನ್ನುವವರು ಮಾಯ್ಸರ ಹೆಸರನ್ನೆತ್ತಿದರು. ಪುರಾಣ ಅದೇ, ವ್ಯಾಖ್ಯಾನ ಮಾತ್ರ ಬೇರೆ.

ಸಂಸ್ಥಾನದ ಒಡೆಯರು

ಈ ಎರಡು ಪಕ್ಷಗಳ ನಡುವೆ ಮೂರನೆಯದೊಂದು ಪಕ್ಷವೂ ಬಲಿಯಿತು. ದಿವಾನರನ್ನು ಬದಲಿಸಿ ಪ್ರಯೋಜನವೇನು, ಕೆಟ್ಟಿರುವುದು ಅರಮನೆಯಲ್ಲವೇ ಎಂಬುದು ಅವರ ಪ್ರಶ್ನೆ. 2005ರಲ್ಲಿ ಅಮೆರಿಕದ ಗ್ಲೇಜರ್ ಕುಟುಂಬದವರು ಬಹುಪಾಲು ಸಾಲದ ಹಣದಿಂದ ಕ್ಲಬ್ಬನ್ನು ಕೊಂಡು, ಆ ಸಾಲದ ದೊಡ್ಡ ಭಾಗವನ್ನು ಕ್ಲಬ್ಬಿನ ತಲೆಗೇ ಕಟ್ಟಿದರು. ಆಗ ಸಿಟ್ಟಿಗೆದ್ದ ಅಭಿಮಾನಿಗಳಲ್ಲಿ ಕೆಲವರು ಒಂದು ಕೆಲಸ ಮಾಡಿದರು. ತಮ್ಮದೇ ಒಂದು ಪುಟ್ಟ ತಂಡ ಕಟ್ಟಿದರು, ಎಫ್.ಸಿ. ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಎಂದು ಅದರ ಹೆಸರು. ಅಲ್ಲಿ ಒಡೆಯನಿಲ್ಲ; ಸದಸ್ಯರೇ ಒಡೆಯರು. ಒಬ್ಬನಿಗೆ ಒಂದೇ ಮತ. ನಮ್ಮ ಸಹಕಾರ ಸಂಘಗಳ ಕಟ್ಟುಪಾಡೇ ಅದು. ಸಹಕಾರ ಚಳವಳಿಯ ತವರಾದ ರಾಚ್‌ಡೇಲ್ ಮ್ಯಾಂಚೆಸ್ಟರಿನ ನೆರೆಯೂರೇ ಆಗಿರುವುದರಿಂದ ಇದರಲ್ಲಿ ಆಶ್ಚರ್ಯಪಡಬೇಕಾದ್ದಿಲ್ಲ.

ಈ ಪುಟ್ಟ ತಂಡ ಊರಿನ ಉತ್ತರಭಾಗದ ಮಾಸ್ಟನ್ನಿನಲ್ಲಿ ಸ್ವಂತ ಮೈದಾನ ಕಟ್ಟಿ 2015ರಲ್ಲಿ ತೆರೆಯಿತು. 1878ರಲ್ಲಿ ರೈಲ್ವೆ ಕಾರ್ಖಾನೆಯ ಕೆಲಸಗಾರರು ಮೂಲ ಯುನೈಟೆಡ್ ತಂಡವನ್ನು ಹುಟ್ಟುಹಾಕಿದ ನ್ಯೂಟನ್ ಹೀತ್ ಅದರ ಮಗ್ಗುಲಿಗೇ ಇದೆ. ಪ್ರಜೆಗಳೇ ರಾಜರಾದ ಮೇಲೆ ದಿವಾನರ ಪ್ರಶ್ನೆ ಬಗೆಹರಿಯಿತೇ? ಮೊದಲಿನಿಂದ ಅಲ್ಲಿ ಮ್ಯಾನೇಜರಾಗಿದ್ದವರು ಕಾರ್ಲ್ ಮಾರ್ಗಿನ್ಸನ್. ಮೊದಲ ಮೂರು ವರ್ಷಗಳಲ್ಲಿ ಮೂರು ಬಾರಿ ತಂಡವನ್ನು ಮೇಲಿನ ದರ್ಜೆಗೆ ಏರಿಸಿದವರು. 12 ವರ್ಷಗಳ ಮೇಲೆ, 2017ರ ಅಕ್ಟೋಬರಿನಲ್ಲಿ, ಫಲಿತಾಂಶಗಳು ಕೆಟ್ಟಿದ್ದಾಗ, ಅವರೂ ಬಿಟ್ಟು ಹೊರಟರು. ಒಡೆತನ ಕೈಗೆ ಬಂದರೂ ಪ್ರಶ್ನೆ ಹಗುರವಾಗಲಿಲ್ಲ. ದೂರದ ಒಡೆಯನನ್ನು ಬೈಯುವ ಸುಖವೊಂದು ತಪ್ಪಿತು, ಅಷ್ಟೇ.

ಹುಡುಗನ ಕಥೆ

ಗೋಲು ಹೊಡೆದ ಹುಡುಗನೇನಾದ? ಮಾರ್ಕ್ ರಾಬಿನ್ಸ್ 1992ರಲ್ಲಿಯೇ ಮ್ಯಾಂಚೆಸ್ಟರನ್ನು ಬಿಟ್ಟು ಬೇರೆ ತಂಡ ಸೇರಿದ. ಆಡುವ ವಯಸ್ಸು ಮುಗಿದ ಮೇಲೆ ಅವರೂ ಮ್ಯಾನೇಜರರಾದರು. 2017ರ ಮಾರ್ಚಿನಲ್ಲಿ ಕವೆಂಟ್ರಿ ಸಿಟಿ ಎಂಬ ನೊಂದ ತಂಡದ ಹೊಣೆ ಹೊತ್ತರು. ಆ ಋತುವಿನ ಕೊನೆಗೆ ತಂಡ ನಾಲ್ಕನೆಯ ದರ್ಜೆಗೆ ಇಳಿಯಿತು. ಆದರೂ ಊರು ಕಾದಿತು. ರಾಬಿನ್ಸರು ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, 2023ರಲ್ಲಿ ಮೊದಲ ದರ್ಜೆಯ ಹೊಸ್ತಿಲಿಗೇ ತಂದು ನಿಲ್ಲಿಸಿದರು. ಒಂದು ಪೆನಾಲ್ಟಿಯ ಅಂತರದಲ್ಲಿ ಬಾಗಿಲು ಮುಚ್ಚಿತು.

2024ರ ಏಪ್ರಿಲ್ 21ರಂದು ವೆಂಬ್ಲಿಯಲ್ಲಿ ಎಫ್.ಎ. ಕಪ್ಪಿನ ಉಪಾಂತ್ಯ. ಒಂದು ಕಡೆ ರಾಬಿನ್ಸರ ಕವೆಂಟ್ರಿ. ಇನ್ನೊಂದು ಕಡೆ ಮ್ಯಾಂಚೆಸ್ಟರ್ ಯುನೈಟೆಡ್. ಯುನೈಟೆಡ್ಡಿನ ಟೆನ್ ಹಾಗ್ ಹೋಗಬೇಕೇ ಇರಬೇಕೇ ಎಂಬ ಜಗಳ ಆಗ ಜೋರಾಗಿದ್ದಿತು. 3–0ಯಿಂದ ಹಿಂದಿದ್ದ ಕವೆಂಟ್ರಿ 3–3ಕ್ಕೆ ಬಂದು, ಹೆಚ್ಚಿನ ಸಮಯದ ಕಡೆಯ ಗಳಿಗೆಯಲ್ಲಿ ನಾಲ್ಕನೆಯ ಗೋಲನ್ನೂ ಹೊಡೆಯಿತು. ಆಟಗಾರನೊಬ್ಬ ಕೂದಲೆಳೆಯಷ್ಟು ಮುಂದಿದ್ದನೆಂದು ಯಂತ್ರ ಹೇಳಿತು, ಗೋಲು ರದ್ದಾಯಿತು. ಪೆನಾಲ್ಟಿಗಳಲ್ಲಿ ಯುನೈಟೆಡ್ ಗೆದ್ದು, ಮುಂದೆ ಕಪ್ಪನ್ನೂ ಗೆದ್ದಿತು. ಟೆನ್ ಹಾಗ್ ಉಳಿದರು. 1990ರಲ್ಲಿ ಒಬ್ಬ ಮ್ಯಾನೇಜರಿನ ಕೆಲಸವನ್ನು ಉಳಿಸಿದವರೆಂದು ಹೆಸರಾದ ರಾಬಿನ್ಸ್, 34 ವರ್ಷಗಳ ಮೇಲೆ ಇನ್ನೊಬ್ಬನ ಕೆಲಸವನ್ನು ಕೂದಲೆಳೆಯಲ್ಲಿ ಕಳೆಯಲಾರದೆ ಹೋದರು.

ಅದೇ ವರ್ಷದ ಅಕ್ಟೋಬರ್ 28ರಂದು ಟೆನ್ ಹಾಗರಿಗೆ ಬೀಳ್ಕೊಡುಗೆಯಾಯಿತು. ಹತ್ತು ದಿನಗಳ ತರುವಾಯ, ನವೆಂಬರ್ 7ರಂದು, ಕವೆಂಟ್ರಿಯವರು ರಾಬಿನ್ಸರನ್ನೂ ಕಳುಹಿಸಿಬಿಟ್ಟರು. ಏಳೂವರೆ ವರ್ಷಗಳ ಸೇವೆ, ಆದರೆ ತಂಡ ಎರಡನೆಯ ದರ್ಜೆಯ ಪಟ್ಟಿಯಲ್ಲಿ 17ನೆಯದಾಗಿತ್ತು. ಅನೇಕ ಅಭಿಮಾನಿಗಳು ಇದು ಕೃತಘ್ನತೆಯೆಂದು ಕುದಿದರು. ಮುಂದೇನಾಯಿತು? ಅವರ ಸ್ಥಾನಕ್ಕೆ ಬಂದ ಫ್ರ್ಯಾಂಕ್ ಲ್ಯಾಂಪರ್ಡ್ ಅದೇ ತಂಡವನ್ನು ಅದೇ ಋತುವಿನಲ್ಲಿ 5ನೆಯ ಸ್ಥಾನಕ್ಕೆ ಏರಿಸಿದರು!

ಹಾಗಾದರೆ ಕಳುಹಿಸಿದ್ದು ಸರಿಯೇ? 1990ರಲ್ಲಿ ಉಳಿಸಿಕೊಂಡದ್ದು ಸರಿಯಾದರೆ, 2024ರಲ್ಲಿ ಕಳುಹಿಸಿದ್ದೂ ಹೇಗೆ ಸರಿಯಾದೀತು? ಎರಡೂ ಸರಿಯಾಗಿರಬಹುದು. ಕಾಯುವುದು ಯಾವಾಗ ತಾಳ್ಮೆ, ಯಾವಾಗ ಮೊಂಡುತನ ಎಂಬುದನ್ನು ತಿಳಿಸುವ ಪಂಚಾಂಗವನ್ನು ಇನ್ನೂ ಯಾರೂ ಬರೆದಿಲ್ಲ. ಫಲ ಕೈಗೆ ಬಂದ ಮೇಲೆ ಎಲ್ಲರೂ ಜ್ಯೋತಿಷಿಗಳೇ. ಹಾಸಿಗೆಯ ಹೊದಿಕೆಯನ್ನು ಎತ್ತಿ ಹಿಡಿದವನು ಮೂರ್ಖನಾಗಿರಲಿಲ್ಲ. ಅಂದು ಕಾದವರೂ ಸರ್ವಜ್ಞರಾಗಿರಲಿಲ್ಲ. ಇಬ್ಬರ ನಡುವೆ ತೀರ್ಪು ಹೇಳಿದ್ದು ನಾಟಿಂಗ್‌ಹ್ಯಾಮಿನ ಮೈದಾನದಲ್ಲಿ ಹುಡುಗನೊಬ್ಬನ ತಲೆಗೆ ತಾಗಿದ ಚೆಂಡು.

ಮ್ಯಾನೇಜರರು ಬಂದಿದ್ದಾರೆ, ಹೋಗಿದ್ದಾರೆ. ಆಟಗಾರರು ಹೆಚ್ಚು ಸಂಬಳ ಕೊಡುವಲ್ಲಿಗೆ ಹೋಗಿದ್ದಾರೆ. ಒಡೆಯರು ಪಾಲು ಮಾರಿದ್ದಾರೆ. ಹೋಗದೆ ಉಳಿಯುವವನು ಜಗಳವಾಡುವ ಅಭಿಮಾನಿಯೊಬ್ಬನೇ. ಪಂದ್ಯದ ದಿನ ಸರ್ ಮ್ಯಾಟ್ ಬಸ್ಬಿ ವೇಯಲ್ಲಿ ನಿಂತವನಿಗೆ ಇದು ಕಣ್ಣಿಗೇ ಕಾಣುತ್ತದೆ. ಒಂದೇ ಬಣ್ಣದ ವಸ್ತ್ರ ಸುತ್ತಿಕೊಂಡ ತಂದೆ ಮಕ್ಕಳು, ಮ್ಯೂನಿಕ್ಕಿನ ಗಡಿಯಾರದ ಕೆಳಗೆ ಹಾದು, ‘ಇವನು ಇರಲಿ’ ಎಂದು ಒಬ್ಬ, ‘ಸಾಕು, ಹೋಗಲಿ’ ಎಂದು ಇನ್ನೊಬ್ಬ, ವಾದಿಸುತ್ತಲೇ ಬಾಗಿಲಿನ ಕಡೆಗೆ ನಡೆಯುತ್ತಾರೆ. ಒಳಗೆ ಕುಳಿತುಕೊಳ್ಳುವುದು ಮಾತ್ರ ಅಕ್ಕಪಕ್ಕದಲ್ಲಿಯೇ.